ಕೆಲಸದಿಂದ ತೆಗೆಯುವಾಗ ಮೊದಲು ಕೇಳಬೇಕಾದದ್ದು ಸೀನಿಯಾರಿಟಿ ಪಟ್ಟಿ

ಉದ್ಯೋಗ ಕಡಿತ ಶುರುವಾಗುವುದು ಪತ್ರದಿಂದಲ್ಲ, ಮೀಟಿಂಗಿನಿಂದ. ಎಚ್‌ಆರ್‌ ವಿಭಾಗದ ಇಬ್ಬರು ಕೂತಿರುತ್ತಾರೆ, ಮೇಜಿನ ಮೇಲೆ ಎರಡು ಹಾಳೆ ಇರುತ್ತವೆ. ಒಂದು ರಾಜೀನಾಮೆ ಪತ್ರ, ಕಂಪನಿಯವರೇ ಟೈಪ್ ಮಾಡಿಸಿದ್ದು, ಸಹಿಯೊಂದೇ ಬಾಕಿ. ಇನ್ನೊಂದು ಫುಲ್ ಅಂಡ್ ಫೈನಲ್ ಲೆಕ್ಕ. ‘ಇವತ್ತೇ ಸಹಿ ಹಾಕಿದರೆ ಎರಡು ತಿಂಗಳ ಸಂಬಳ ಹೆಚ್ಚಿಗೆ ಕೊಡ್ತೀವಿ, ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತೆ. ನಾಳೆ ಆದ್ರೆ ಟರ್ಮಿನೇಷನ್ ಆಗುತ್ತೆ, ನೋಡಿ’ ಅನ್ನುವ ಮಾತು ಬಹುತೇಕ ಎಲ್ಲ ಕಡೆ ಒಂದೇ ಥರ ಇರುತ್ತದೆ.

ಕೈಗೆ ಬರುವ ಹಣದಲ್ಲಿ ಹೆಚ್ಚು ಕಡಿಮೆ ಇಲ್ಲದಿದ್ದರೂ ರಾಜೀನಾಮೆಗೂ ರಿಟ್ರೆಂಚ್‌ಮೆಂಟಿಗೂ (ಶಿಕ್ಷೆಯಾಗಿ ಅಲ್ಲದೆ ಮಾಲೀಕರೇ ಕೆಲಸದಿಂದ ತೆಗೆಯುವುದು) ಕಾನೂನಿನಲ್ಲಿ ಅಜಗಜಾಂತರ. ರಾಜೀನಾಮೆ ಕೊಟ್ಟವರು ತಾವಾಗಿಯೇ ಬಿಟ್ಟು ಹೋದವರು. ಅವರಿಗೆ ರಿಟ್ರೆಂಚ್‌ಮೆಂಟ್ ಪರಿಹಾರವಿಲ್ಲ. ಅವರನ್ನೇ ಯಾಕೆ ಆರಿಸಿದಿರಿ ಎಂದು ಯಾರೂ ಕೇಳುವಂತಿಲ್ಲ. ವರ್ಷದೊಳಗೆ ಅದೇ ಜಾಗಕ್ಕೆ ಹೊಸಬರನ್ನು ತೆಗೆದುಕೊಂಡರೆ ತಕರಾರು ಎತ್ತಲೂ ಆಗದು. ಕಂಪನಿಗಳು ರಾಜೀನಾಮೆಗೆ ಅಷ್ಟೊಂದು ಒತ್ತಾಯ ಮಾಡುವುದು ಈ ಕಾರಣಕ್ಕೆ.

ಆ ಕೋಣೆಯಲ್ಲಿ ವಾದ ಮಾಡಿ ಗೆದ್ದವರಿಲ್ಲ. ‘ಓದಿ ಹೇಳ್ತೀನಿ, ಪ್ರತಿ ಕೊಡಿ’ ಎಂದು ಎದ್ದು ಬರುವುದೇ ಸರಿ. ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ, ಒಂದು ಇಮೇಲ್ ಹೋಗಬೇಕು. ಆಫೀಸಿನ ಮೇಲ್ ಯಾವ ಕ್ಷಣದಲ್ಲಾದರೂ ಬಂದ್ ಆಗಬಹುದು, ಹಾಗಾಗಿ ಸ್ವಂತ ಮೇಲ್ ಐಡಿಯಿಂದ ಕಳಿಸುವುದು ಒಳ್ಳೆಯದು. ಮೀಟಿಂಗ್ ಎಷ್ಟು ಹೊತ್ತಿಗೆ ನಡೆಯಿತು, ಯಾರು ಇದ್ದರು, ಏನು ಹೇಳಿದರು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು, ಕೊನೆಗೆ ಎರಡು ವಾಕ್ಯ ತಪ್ಪದೇ ಸೇರಿಸಬೇಕು: ರಾಜೀನಾಮೆ ಕೊಡುವ ಇಚ್ಛೆ ನನಗಿಲ್ಲ, ಕೆಲಸ ಮಾಡಲು ನಾನು ಸಿದ್ಧ. ಎರಡನೆಯದು ಚಿಕ್ಕದಾಗಿ ಕಂಡರೂ ಬಹಳ ಮುಖ್ಯ. ಗೇಟಿನಲ್ಲಿ ಕಾರ್ಡ್ ಬಂದ್ ಮಾಡಿ, ಆಮೇಲೆ ‘ಅವರೇ ಬರುವುದನ್ನು ನಿಲ್ಲಿಸಿದರು’ ಎಂದು ಹೇಳುವ ದಾರಿಯನ್ನು ಅದು ಮುಚ್ಚುತ್ತದೆ.

ಸಹಿ ಆಗಿಹೋಗಿದ್ದರೆ? ರಾಜೀನಾಮೆ ಮುಂದಿನ ಯಾವುದೋ ದಿನಾಂಕದಿಂದ ಜಾರಿಯಾಗುವುದಾದರೆ, ಆ ದಿನ ಬರುವ ಮೊದಲು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಬಲರಾಮ್ ಗುಪ್ತ ಪ್ರಕರಣದಲ್ಲಿ (1987) ಸರ್ಕಾರಿ ನೌಕರರೊಬ್ಬರ ಸ್ವಯಂ ನಿವೃತ್ತಿಯ ಬಗ್ಗೆ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಇದೇ ತತ್ವವನ್ನು. ಅದೇ ದಿನ ರಿಲೀವ್ ಮಾಡಿದ್ದರೆ ಈ ಬಾಗಿಲು ಮುಚ್ಚಿತು. ಆಗ ಬಲವಂತದಿಂದ ಬರೆಸಿಕೊಂಡರು ಎಂದು ಸಾಬೀತು ಮಾಡುವ ಭಾರ ಕಾರ್ಮಿಕರ ಮೇಲೆ. ಕೆಲವೇ ಗಂಟೆಗಳಲ್ಲಿ ಕಳಿಸಿದ ಮೇಲ್‌ಗೆ ಅಲ್ಲಿ ತೂಕವಿದೆ, ಆರು ತಿಂಗಳ ನಂತರ ಕೊಟ್ಟ ದೂರಿಗೆ ಅಷ್ಟಿಲ್ಲ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೇಮಕಾತಿ ಪತ್ರ, ಬಡ್ತಿ ಮತ್ತು ಇನ್‌ಕ್ರಿಮೆಂಟ್ ಪತ್ರಗಳು, ಕನಿಷ್ಠ ಹನ್ನೆರಡು ತಿಂಗಳ ಪೇಸ್ಲಿಪ್, ಹಾಜರಾತಿಯ ದಾಖಲೆ, ಹಿಂದಿನ ಅಪ್ರೈಸಲ್‌ಗಳು, ಪಿಎಫ್ ಪಾಸ್‌ಬುಕ್ ಇವೆಲ್ಲ ಕೈಯಲ್ಲಿರಬೇಕು. ಕಂಪನಿಯ ಗೋಪ್ಯ ಫೈಲುಗಳನ್ನು ಮಾತ್ರ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬಾರದು. ರಿಟ್ರೆಂಚ್‌ಮೆಂಟ್ ಆಗಬೇಕಿದ್ದದ್ದನ್ನು ದುರ್ನಡತೆಯ ಪ್ರಕರಣವಾಗಿ ತಿರುಗಿಸಲು ಅಷ್ಟೇ ಸಾಕು.

ಈಗ ಯಾವ ಕಾನೂನು ಅನ್ವಯಿಸುತ್ತದೆ ಎಂಬ ಪ್ರಶ್ನೆ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಯಲ್ಲಿದೆ. ಅದಕ್ಕೆ ಮೊದಲು ಕೆಲಸ ಹೋದವರ ವಿಷಯ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಅಡಿಯಲ್ಲೇ ನಡೆಯುತ್ತದೆ. ರಿಟ್ರೆಂಚ್‌ಮೆಂಟಿನ ಮೂಲ ಷರತ್ತುಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹಳೆಯ ಕಾಯ್ದೆಯ 25ಎಫ್, 25ಜಿ, 25ಎಚ್ ಕಲಮುಗಳು ಸಂಹಿತೆಯಲ್ಲಿ 70, 71, 72 ಆಗಿವೆ. ವಾಕ್ಯಗಳು ಬಹುಮಟ್ಟಿಗೆ ಹಾಗೇ ಉಳಿದಿರುವುದರಿಂದ ಹಳೆಯ ತೀರ್ಪುಗಳನ್ನು ಇಂದಿಗೂ ಆಧಾರವಾಗಿ ಮುಂದಿಡಬಹುದು.

ಇವೆಲ್ಲ ಸಿಗುವುದು ಕಾನೂನಿನ ಅರ್ಥದಲ್ಲಿ ‘ಕಾರ್ಮಿಕ’ರಾದವರಿಗೆ. ಆಡಳಿತಾತ್ಮಕ ಅಥವಾ ಮ್ಯಾನೇಜರ್ ಕೆಲಸ ಮಾಡುವವರು ಹೊರಗೆ. ಮೇಲ್ವಿಚಾರಣೆ ಮಾಡುತ್ತ ತಿಂಗಳಿಗೆ ₹18,000ಕ್ಕಿಂತ ಹೆಚ್ಚು ವೇತನ ಪಡೆಯುವವರೂ ಹೊರಗೆ. ಈ ಸಂಬಳದ ಮಿತಿ ಮೇಲ್ವಿಚಾರಕರಿಗೆ ಮಾತ್ರ. ತಾಂತ್ರಿಕ, ಕುಶಲ, ಗುಮಾಸ್ತೆ ಕೆಲಸದವರಿಗೆ ಸಂಬಳ ಎಷ್ಟಿದ್ದರೂ ಅಡ್ಡಿಯಿಲ್ಲ. ಇದು ಗೊತ್ತಿಲ್ಲದೆ ‘ನನಗೆ ಲಕ್ಷ ಸಂಬಳ, ನನಗೆಲ್ಲಿಯ ಲೇಬರ್ ಲಾ’ ಎಂದು ಸುಮ್ಮನಾಗುವವರು ಬಹಳ ಮಂದಿ.

ಕಾರ್ಡಿನ ಮೇಲೆ ‘ಎಕ್ಸಿಕ್ಯೂಟಿವ್’ ಎಂದೋ ‘ಟೀಮ್ ಲೀಡ್’ ಎಂದೋ ಇದ್ದ ಮಾತ್ರಕ್ಕೆ ತೀರ್ಮಾನವಾಗದು. ಅರ್ಕಲ್ ಗೋವಿಂದರಾಜ ರಾವ್ ಪ್ರಕರಣದಲ್ಲಿ (1985) ಸುಪ್ರೀಂ ಕೋರ್ಟ್ ನೋಡಿದ್ದು ಹುದ್ದೆಯ ಹೆಸರನ್ನಲ್ಲ, ದಿನದ ಹೆಚ್ಚಿನ ಹೊತ್ತು ಮಾಡುತ್ತಿದ್ದ ಮುಖ್ಯ ಕೆಲಸ ಯಾವುದು ಎಂಬುದನ್ನು. ಅವರು ಗ್ರೂಪ್ ಲೀಡರ್ ಆಗಿದ್ದರೂ ಮೂಲ ಕೆಲಸ ಗುಮಾಸ್ತೆಯದು, ಆದ್ದರಿಂದ ಕಾರ್ಮಿಕರೇ ಎಂದು ತೀರ್ಪಾಯಿತು. ಹಾಗಾಗಿ ಒಂದು ವಾರದ ಕೆಲಸವನ್ನು ಗಂಟೆಯ ಲೆಕ್ಕದಲ್ಲಿ ಬರೆದಿಡುವುದು ಉಪಯುಕ್ತ. ರಜೆ ಮಂಜೂರು ಮಾಡುವ, ನೇಮಿಸಿಕೊಳ್ಳುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ನಿಜಕ್ಕೂ ಇತ್ತೇ, ಅಥವಾ ಮೇಲಿನವರಿಗೆ ಶಿಫಾರಸು ಮಾಡುವುದಷ್ಟೇ ಇತ್ತೇ ಎಂಬುದೂ ಅದರಲ್ಲಿರಲಿ.

ಕಾರ್ಮಿಕರ ವ್ಯಾಖ್ಯೆಯೊಳಗೆ ಬಾರದೆ ಅಂಗಡಿ, ಕಚೇರಿಗಳಲ್ಲಿ ದುಡಿಯುವವರಿಗೆ ಕರ್ನಾಟಕದಲ್ಲಿ ಇನ್ನೊಂದು ಆಸರೆಯಿದೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಕಲಮಿನ ಪ್ರಕಾರ ಆರು ತಿಂಗಳು ಸತತ ಸೇವೆ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ಇದು ರಾಜ್ಯದ ಕಾಯ್ದೆ, ಸಂಹಿತೆ ಬಂತೆಂದು ರದ್ದಾಗಿಲ್ಲ. ಆದರೆ ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿರುವವರಿಗೆ ಇದೂ ಅನ್ವಯಿಸದು. ಅವರು ನೇಮಕಾತಿ ಪತ್ರದ ನೋಟಿಸ್ ಷರತ್ತನ್ನೇ ನೆಚ್ಚಿಕೊಳ್ಳಬೇಕು.

ಇನ್ನು ‘ಪರ್ಫಾರ್ಮೆನ್ಸ್’ ಎಂಬ ಪದದ ಆಟ. ಸದ್ದಿಲ್ಲದೆ ಜನ ಕಡಿಮೆ ಮಾಡಬೇಕಾದಾಗ ಒಂದಷ್ಟು ಮಂದಿಯನ್ನು ಸುಧಾರಣಾ ಯೋಜನೆಗೆ ಹಾಕಿ, ಮೂವತ್ತು ಅಥವಾ ಅರವತ್ತು ದಿನ ಕಳೆದ ಮೇಲೆ ‘ಗುರಿ ಮುಟ್ಟಲಿಲ್ಲ’ ಎಂದು ಕಳಿಸುತ್ತಾರೆ. ಕಾನೂನಿನ ನೋಟ ಸರಳವಾಗಿದೆ. ಶಿಸ್ತುಕ್ರಮದ ಶಿಕ್ಷೆಯಾಗಿ ತೆಗೆದರೆ ಆರೋಪಪತ್ರ, ವಿಚಾರಣೆ ಬೇಕು. ಶಿಕ್ಷೆಯಲ್ಲ ಎನ್ನುವುದಾದರೆ, ‘ಯಾವುದೇ ಕಾರಣಕ್ಕೆ’ ತೆಗೆದರೂ ಅದು ರಿಟ್ರೆಂಚ್‌ಮೆಂಟ್. ಪಂಜಾಬ್ ಲ್ಯಾಂಡ್ ಡೆವಲಪ್‌ಮೆಂಟ್ ಪ್ರಕರಣದಲ್ಲಿ (1990) ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಈ ಮಾತು ಹೆಚ್ಚುವರಿ ಸಿಬ್ಬಂದಿಯನ್ನು ತೆಗೆಯುವುದಕ್ಕೆ ಮಾತ್ರ ಸೀಮಿತವಲ್ಲ ಎಂದು ಹೇಳಿತು. ಸ್ವಯಂ ನಿವೃತ್ತಿ, ವಯೋ ನಿವೃತ್ತಿ, ಒಪ್ಪಂದ ನವೀಕರಣವಾಗದಿರುವುದು, ನಿಗದಿತ ಅವಧಿಯ ಉದ್ಯೋಗ ಮುಗಿಯುವುದು, ಇಂಥ ಕೆಲವನ್ನಷ್ಟೇ ಕಾನೂನು ಹೊರಗಿಟ್ಟಿದೆ. ಪತ್ರದಲ್ಲಿ ‘ಟರ್ಮಿನೇಷನ್ ಸಿಂಪ್ಲಿಸಿಟರ್’ (ಯಾವ ಆರೋಪವೂ ಇಲ್ಲದೆ ಸೇವೆ ಕೊನೆಗೊಳಿಸುವುದು) ಎಂದು ಎಷ್ಟು ಚೆಂದವಾಗಿ ಬರೆದರೂ ಪರಿಣಾಮ ಬದಲಾಗದು.

ನಿಗದಿತ ಅವಧಿಯವರಿಗೆ ಇದು ನಿಜಕ್ಕೂ ಕಹಿ. ಅವಧಿ ಮುಗಿದರೆ ರಿಟ್ರೆಂಚ್‌ಮೆಂಟ್ ಪರಿಹಾರವಿಲ್ಲ. ಹೊಸ ವ್ಯವಸ್ಥೆಯಲ್ಲಿ ಒಂದು ವರ್ಷ ಮುಗಿಸಿದವರಿಗೆ ಗ್ರಾಚ್ಯುಟಿ ಸಿಗುತ್ತದೆ ಎಂಬುದಷ್ಟೇ ಸಮಾಧಾನ. ಕಾಯಂ ಕಾರ್ಮಿಕರ ಸವಲತ್ತು ತಪ್ಪಿಸಲೆಂದೇ ಬದಲಿ, ತಾತ್ಕಾಲಿಕ ಎಂದು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಅನುಚಿತ ಕಾರ್ಮಿಕ ಪದ್ಧತಿ ಎಂದು ಕಾನೂನಿನ ಪಟ್ಟಿಯಲ್ಲೇ ಇದೆ. ಆದರೆ ಅದನ್ನು ಸಾಬೀತು ಮಾಡುವುದು ದೀರ್ಘ ಹಾದಿ.

70ನೇ ಕಲಮಿನ ರಕ್ಷಣೆಗೆ ಒಂದು ವರ್ಷದ ಸತತ ಸೇವೆ ಬೇಕು. ಅಂದರೆ ತೆಗೆದ ದಿನದಿಂದ ಹಿಂದಕ್ಕೆ ಎಣಿಸಿದ ಹನ್ನೆರಡು ತಿಂಗಳಲ್ಲಿ 240 ದಿನ. ಗಣಿಯ ಒಳಗೆ ದುಡಿಯುವವರಿಗೆ 190. ವಾರದ ರಜೆ ಮತ್ತು ಸಂಬಳಸಹಿತ ರಜಾದಿನಗಳೂ ಎಣಿಕೆಗೆ ಸೇರುತ್ತವೆ ಎಂದು ಅಮೆರಿಕನ್ ಎಕ್ಸ್‌ಪ್ರೆಸ್ ಪ್ರಕರಣದಲ್ಲಿ (1985) ತೀರ್ಮಾನವಾಗಿದೆ. ಹಾಜರಿ ಪುಸ್ತಕದ ದಿನಗಳನ್ನಷ್ಟೇ ಕೂಡಿ ‘ನಿಮ್ಮದು 218 ದಿನ’ ಎಂದು ಹೇಳಿದರೆ ಭಾನುವಾರಗಳನ್ನು ಸೇರಿಸಿ ಮತ್ತೆ ಎಣಿಸಬೇಕು. ಸಾಬೀತು ಮಾಡುವ ಭಾರ ಕಾರ್ಮಿಕರದು. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎರಡು ಪ್ರಕರಣಗಳನ್ನು ಇಲ್ಲಿ ಒಟ್ಟಿಗೆ ಓದಿಕೊಳ್ಳಬೇಕು. ಹಡಿಮನಿ ಪ್ರಕರಣ (2002) ಆ ಭಾರವನ್ನು ಕಾರ್ಮಿಕರ ಮೇಲೆ ಹೊರಿಸಿತು. ಯಲ್ಲಟ್ಟಿ ಪ್ರಕರಣ (2005) ಬರೀ ಅಫಿಡವಿಟ್ ಸಾಲದು ಎಂದಿತು. ಆದರೆ ಮಸ್ಟರ್ ರೋಲ್ (ಹಾಜರಿ ಪಟ್ಟಿ), ವೇತನ ಪಟ್ಟಿಗಳು ಮಾಲೀಕರ ವಶದಲ್ಲೇ ಇರುವುದರಿಂದ ಅವನ್ನು ಹಾಜರುಪಡಿಸುವಂತೆ ಕಾರ್ಮಿಕರು ಕೋರ್ಟಿನ ಮೂಲಕ ಕೇಳಬಹುದು ಎಂಬ ದಾರಿಯನ್ನೂ ತೋರಿಸಿತು. ದಿನಗೂಲಿಯವರು ಈ ಅರ್ಜಿ ಹಾಕುವುದನ್ನು ಮರೆತೇ ಸೋಲುತ್ತಾರೆ.

ಷರತ್ತುಗಳು ಮೂರು. ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟಿಸ್, ಇಲ್ಲವೇ ಆ ತಿಂಗಳ ವೇತನ. ಪೂರ್ಣಗೊಂಡ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನದಂತೆ ಪರಿಹಾರ. ಆರು ತಿಂಗಳು ಮೀರಿದ ಭಾಗವನ್ನೂ ಒಂದು ವರ್ಷವೆಂದೇ ಹಿಡಿಯಬೇಕು. ಸರ್ಕಾರಕ್ಕೆ ನೋಟಿಸ್. ಮೊದಲೆರಡು ತಪ್ಪಿದರೆ ರಿಟ್ರೆಂಚ್‌ಮೆಂಟೇ ಅಸಿಂಧು. ಮೂರನೆಯದು ಹಾಗಲ್ಲ, ಅದು ಪೂರ್ವಷರತ್ತಲ್ಲ ಎಂದು ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ‘ಇಲಾಖೆಗೆ ತಿಳಿಸಿಲ್ಲ’ ಎಂಬ ಒಂದೇ ಎಳೆ ಹಿಡಿದು ಕೂತವರು ಕೊನೆಗೆ ಬರಿಗೈಯಲ್ಲಿ ಬರುತ್ತಾರೆ.

ಪರಿಹಾರ ಸಿಗಬೇಕಾದದ್ದು ತೆಗೆಯುವ ಹೊತ್ತಿಗೇ, ಆಮೇಲೆ ಅಲ್ಲ. ನ್ಯಾಷನಲ್ ಐರನ್ ಅಂಡ್ ಸ್ಟೀಲ್ ಪ್ರಕರಣದಲ್ಲಿ ನವೆಂಬರ್ 17ರಿಂದ ಕೆಲಸವಿಲ್ಲ, ಹಣವನ್ನು 20ರಂದು ಅಥವಾ ಆಮೇಲೆ ಬಂದು ತೆಗೆದುಕೊಳ್ಳಿ ಎಂದು ನೋಟಿಸಿನಲ್ಲಿತ್ತು. ಆ ಮೂರು ದಿನದ ಅಂತರಕ್ಕೆ ರಿಟ್ರೆಂಚ್‌ಮೆಂಟ್ ಬಿದ್ದುಹೋಯಿತು. ಆದ್ದರಿಂದ ಬ್ಯಾಂಕಿಗೆ ಹಣ ಜಮೆಯಾದ ದಿನಾಂಕ ಮತ್ತು ಪತ್ರದಲ್ಲಿರುವ ಕೊನೆಯ ದಿನಾಂಕ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಲೆಕ್ಕ ಮಾಡಿ ನೋಡೋಣ. ತಿಂಗಳ ವೇತನ ₹30,000, ಸೇವೆ 7 ವರ್ಷ 7 ತಿಂಗಳು ಎಂದಿಟ್ಟುಕೊಂಡರೆ ವರ್ಷಗಳು 8. ತಿಂಗಳ ಸಂಬಳದವರಿಗೆ ಸರಾಸರಿ ತೆಗೆಯುವುದು ಹಿಂದಿನ ಮೂರು ಪೂರ್ಣ ಕ್ಯಾಲೆಂಡರ್ ತಿಂಗಳಿಂದ. ಹದಿನೈದು ದಿನಕ್ಕೆ ₹15,000, ಎಂಟು ವರ್ಷಕ್ಕೆ ₹1,20,000. ನೋಟಿಸ್ ವೇತನ ₹30,000. ಗ್ರಾಚ್ಯುಟಿಗೆ ಮಾತ್ರ ತಿಂಗಳನ್ನು 26ರಿಂದ ಭಾಗಿಸಬೇಕು: 30,000 × 15 ÷ 26 × 8, ಅಂದರೆ ಸುಮಾರು ₹1,38,462. ರಿಟ್ರೆಂಚ್‌ಮೆಂಟ್ ಪರಿಹಾರಕ್ಕೂ 26ರ ಭಾಗಾಕಾರ ಬೇಕು ಎಂದು ಕೇಳುವವರಿದ್ದಾರೆ. ಗುರು ಜಂಭೇಶ್ವರ ವಿಶ್ವವಿದ್ಯಾಲಯದ ಪ್ರಕರಣ (2007) ಅದನ್ನು ಒಪ್ಪಲಿಲ್ಲ, ಅಲ್ಲಿ 30ರ ಲೆಕ್ಕವೇ. ಗ್ರಾಚ್ಯುಟಿ ಬೇರೆ, ಪರಿಹಾರ ಬೇರೆ. ಒಂದನ್ನು ಕೊಟ್ಟು ಇನ್ನೊಂದು ಅದರಲ್ಲೇ ಸೇರಿದೆ ಎನ್ನುವಂತಿಲ್ಲ.

ಸಂಹಿತೆ ಹೊಸದಾಗಿ ತಂದದ್ದು 83ನೇ ಕಲಮಿನ ಮರುಕೌಶಲ ನಿಧಿ. ಕೊನೆಯದಾಗಿ ಪಡೆದ ವೇತನದ ಹದಿನೈದು ದಿನದಷ್ಟನ್ನು ಮಾಲೀಕರು ನಿಧಿಗೆ ಕಟ್ಟಬೇಕು. ಅದು ರಿಟ್ರೆಂಚ್‌ಮೆಂಟ್ ಆದ 45 ದಿನದೊಳಗೆ ಕಾರ್ಮಿಕರ ಖಾತೆಗೆ ಬರಬೇಕು. ಮೇಲಿನ ಉದಾಹರಣೆಯಲ್ಲಿ ಇನ್ನೊಂದು ₹15,000. ಫುಲ್ ಅಂಡ್ ಫೈನಲ್ ಹಾಳೆಗಳಲ್ಲಿ ಇದು ಕಾಣುವುದು ಕಡಿಮೆ, ಬಾಯಿಬಿಟ್ಟು ಕೇಳಬೇಕು. ದುಡಿದ ದಿನಗಳ ಬಾಕಿ ಸಂಬಳ ವೇತನ ಸಂಹಿತೆಯಂತೆ ಎರಡು ಕೆಲಸದ ದಿನದೊಳಗೆ ಕೈಸೇರಬೇಕು. ‘ಸೆಟಲ್‌ಮೆಂಟ್‌ಗೆ 45 ದಿನ’ ಎಂಬ ಹಳೆಯ ರೂಢಿ ಇಲ್ಲಿ ನಡೆಯದು.

ಇಷ್ಟು ಹಣದ ಮಾತಾಯಿತು. ದೊಡ್ಡ ಕಂಪನಿಗಳ ಲೆಕ್ಕ ವಿಭಾಗ ಇದನ್ನು ಸಾಮಾನ್ಯವಾಗಿ ಸರಿಯಾಗಿಯೇ ಮಾಡಿರುತ್ತದೆ. ಅವರು ಎಡವುವುದು ಆಯ್ಕೆಯಲ್ಲಿ, ಆದ್ದರಿಂದ ಹುಡುಕಬೇಕಾದದ್ದೂ ಅಲ್ಲೇ.

71ನೇ ಕಲಮು ಹೇಳುವುದಿಷ್ಟು: ಬೇರೆ ಒಪ್ಪಂದವಿಲ್ಲದಿದ್ದರೆ, ಒಂದು ವರ್ಗದ ಕಾರ್ಮಿಕರಲ್ಲಿ ಕಡೆಗೆ ಸೇರಿದವರನ್ನು ಸಾಮಾನ್ಯವಾಗಿ ಮೊದಲು ತೆಗೆಯಬೇಕು, ಬೇರೆಯವರನ್ನು ತೆಗೆದರೆ ಅದಕ್ಕೆ ಕಾರಣವನ್ನು ದಾಖಲಿಸಬೇಕು. ‘ಒಪ್ಪಂದವಿಲ್ಲದಿದ್ದರೆ’, ‘ವರ್ಗ’, ‘ಸಾಮಾನ್ಯವಾಗಿ’, ‘ದಾಖಲಿಸಬೇಕು’, ಪ್ರಕರಣಗಳೆಲ್ಲ ಈ ನಾಲ್ಕರ ಸುತ್ತಲೇ ಸುತ್ತುತ್ತವೆ.

ಹಳೆಯ ಕೇಂದ್ರ ನಿಯಮಗಳ 77ನೇ ನಿಯಮದಂತೆ, ತೆಗೆಯುವ ದಿನಕ್ಕೆ ಕನಿಷ್ಠ ಏಳು ದಿನ ಮೊದಲು ಆ ವರ್ಗದ ಎಲ್ಲರ ಸೀನಿಯಾರಿಟಿ ಪಟ್ಟಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಬೇಕಿತ್ತು. ಪಟ್ಟಿ ಹಾಕಿಲ್ಲವೆಂದರೆ ಮೊದಲ ಪತ್ರದಲ್ಲೇ ಕೇಳಿ. ಕೊಡದಿದ್ದರೂ ಕೇಳಿದ ದಾಖಲೆ ಉಳಿಯುತ್ತದೆ. ಮುಂದೆ ಕೋರ್ಟಿನಲ್ಲಿ ದಿಢೀರನೆ ಒಂದು ಪಟ್ಟಿ ಪ್ರತ್ಯಕ್ಷವಾದರೆ ಅದು ಯಾವಾಗ ತಯಾರಾಯಿತು ಎಂಬ ಪ್ರಶ್ನೆ ಎತ್ತಲು ಅದೇ ಆಧಾರ. ಪಟ್ಟಿ ಸಿಕ್ಕಿದ ಮೇಲೆ ಫೋನಿನಲ್ಲಿ ಫೋಟೊ ತೆಗೆದು, ದಿನಾಂಕ ಬರೆದು, ನಿಮ್ಮ ಕೆಳಗಿರುವ ಹೆಸರುಗಳನ್ನು ನೋಡಿ. ನಿಮಗಿಂತ ಆಮೇಲೆ ಸೇರಿದ ಒಬ್ಬರೇ ಒಬ್ಬರು ಅದೇ ವರ್ಗದಲ್ಲಿ ಉಳಿದಿದ್ದರೂ, ಯಾಕೆ ಎಂದು ಉತ್ತರ ಕೊಡಬೇಕಾದವರು ಮಾಲೀಕರು.

ಸೇರಿದ ದಿನಾಂಕದ ಕಾಲಂನಲ್ಲೇ ಬಹಳ ಕೈಚಳಕ ನಡೆಯುತ್ತದೆ. ಟ್ರೈನಿಯಾಗಿ ಬಂದ ದಿನ, ಪ್ರೊಬೇಷನ್ ಶುರುವಾದ ದಿನ, ಕನ್ಫರ್ಮೇಷನ್ ಆದ ದಿನ, ಈ ಮೂರೂ ಬೇರೆ ಬೇರೆ. ಒಬ್ಬರಿಗೆ ಪ್ರೊಬೇಷನ್ ದಿನ ಹಿಡಿದು ಇನ್ನೊಬ್ಬರಿಗೆ ಕನ್ಫರ್ಮೇಷನ್ ದಿನ ಹಿಡಿದರೆ ಪಟ್ಟಿಯೇ ಉಲ್ಟಾ. ಪಿಎಫ್ ಪಾಸ್‌ಬುಕ್ಕಿನಲ್ಲಿ ಮೊದಲ ವಂತಿಗೆಯ ತಿಂಗಳು ಇಲ್ಲಿ ಒಳ್ಳೆಯ ಸಾಕ್ಷಿ. ಬೇರೆ ಘಟಕದಿಂದ ವರ್ಗಾವಣೆಯಾಗಿ ಬಂದವರಿಗೆ ಹಿಂದಿನ ಸೇವೆಯನ್ನು ಹಿಡಿದಿದ್ದಾರೋ ಇಲ್ಲವೋ ಎಂಬುದನ್ನು ವರ್ಗಾವಣೆ ಆದೇಶದ ಷರತ್ತಿನೊಂದಿಗೆ ಹೋಲಿಸಬೇಕು. ಒಂದೇ ದಿನ ಸೇರಿದವರ ನಡುವೆ ಯಾರು ಮೇಲೆ ಎಂಬುದಕ್ಕೆ ಆಯ್ಕೆ ಪಟ್ಟಿಯ ಕ್ರಮವೋ ವಯಸ್ಸೋ ಯಾವುದಾದರೊಂದು ಸೂತ್ರ ಇರಲಿ, ಎಲ್ಲರಿಗೂ ಅದೇ ಇರಬೇಕು.

ಬಡ್ತಿ ಪಡೆದವರಿಗೆ ಇಲ್ಲೊಂದು ಉರುಳಿದೆ. ಕಾನೂನು ನೋಡುವುದು ‘ಆ ವರ್ಗದಲ್ಲಿ’ ಕಡೆಗೆ ಸೇರಿದವರನ್ನು. ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದು ಕಳೆದ ವರ್ಷ ಚಾರ್ಜ್‌ಹ್ಯಾಂಡ್ ಆದವರು ಹೊಸ ವರ್ಗದ ಪಟ್ಟಿಯಲ್ಲಿ ಕೊನೆಯವರಾಗಬಹುದು. ಹಿಂದಿನ ವರ್ಗಕ್ಕೆ ಮರಳುವ ಹಕ್ಕು ಒಪ್ಪಂದದಲ್ಲಿ ಇದೆಯೇ ನೋಡಬೇಕು, ಇಲ್ಲದಿದ್ದರೂ ನೋಟಿಸಿನ ಅವಧಿಯಲ್ಲೇ ಲಿಖಿತವಾಗಿ ಕೇಳಬೇಕು. ಯೂನಿಯನ್‌ಗಳು ಸಂಬಳದ ಒಪ್ಪಂದ ಮಾಡುವಾಗ ಈ ಒಂದು ಸಾಲಿಗೆ ಕೊಡುವ ಗಮನ ಸಾಲದು ಎಂಬುದು ನನ್ನ ದೂರು.

ವರ್ಗವನ್ನು ಚೂರು ಮಾಡುವುದು ಎಲ್ಲಕ್ಕಿಂತ ದೊಡ್ಡ ತಂತ್ರ. ಹತ್ತು ವರ್ಷ ಎಲ್ಲರೂ ‘ಆಪರೇಟರ್’. ಕಡಿತಕ್ಕೆ ಎರಡು ತಿಂಗಳ ಮುಂಚೆ ಹಠಾತ್ತಾಗಿ ‘ಆಪರೇಟರ್ ಲೈನ್ 1’, ‘ಆಪರೇಟರ್ ಲೈನ್ 2’ ಎಂದು ಹೊಸ ಹೆಸರು, ಬೇಡವಾದವರೆಲ್ಲ ಲೈನ್ 2ಕ್ಕೆ, ಆಮೇಲೆ ಲೈನ್ 2 ಬಂದ್. ಕಚೇರಿಗಳಲ್ಲಿ ಇದೇ ಕೆಲಸ ‘ಪ್ರಾಜೆಕ್ಟ್’, ‘ಬೆಂಚ್’ (ಸದ್ಯಕ್ಕೆ ಪ್ರಾಜೆಕ್ಟ್ ಇಲ್ಲದವರ ಗುಂಪು) ಎಂಬ ಹೆಸರಿನಲ್ಲಿ ನಡೆಯುತ್ತದೆ. ಜೋರ್‌ಹಾಟ್ ಟೀ ಕಂಪನಿಯ ಕಾರ್ಯಾಗಾರದ ಪ್ರಕರಣದಲ್ಲಿ (1980) ಸುಪ್ರೀಂ ಕೋರ್ಟ್, ಸಂಬಳದ ಗ್ರೇಡ್ ಬೇರೆಯಾದ ಮಾತ್ರಕ್ಕೆ ವರ್ಗ ಬೇರೆಯಾಗದು ಎಂದು ಸ್ಪಷ್ಟಪಡಿಸಿತು. ಒಬ್ಬರ ಕೆಲಸವನ್ನು ಇನ್ನೊಬ್ಬರು ವಿಶೇಷ ತರಬೇತಿಯಿಲ್ಲದೆ ಮಾಡುತ್ತಿದ್ದರೇ ಎಂಬುದನ್ನು ಶಿಫ್ಟ್ ಪಟ್ಟಿ, ಓವರ್‌ಟೈಮ್ ಚೀಟಿ, ಜಾಬ್ ಕಾರ್ಡ್‌ಗಳು ತೋರಿಸುತ್ತವೆ. ಲೈನ್ 2ರವರು ಕಳೆದ ವರ್ಷ ಲೈನ್ 1ರಲ್ಲಿ ಎಷ್ಟು ಪಾಳಿ ಮಾಡಿದ್ದರು ಎಂಬ ಒಂದು ಕೋಷ್ಟಕ ನೂರು ಪುಟದ ವಾದಕ್ಕಿಂತ ಮೇಲು.

‘ಸಾಮಾನ್ಯವಾಗಿ’ ಎಂಬ ಪದ ಇರುವುದರಿಂದ ಸೀನಿಯಾರಿಟಿ ಮುರಿಯಲೇಬಾರದು ಎಂದೇನಿಲ್ಲ. ಒಂದು ಯಂತ್ರವನ್ನು ನಡೆಸಬಲ್ಲವರು ಒಬ್ಬರೇ ಇದ್ದು ಅವರು ಜೂನಿಯರ್ ಆಗಿದ್ದರೆ ಉಳಿಸಿಕೊಳ್ಳುವುದು ನ್ಯಾಯವೇ. ಆದರೆ ಕಾರಣ ನಿಜವಾಗಿರಬೇಕು, ಸಾಕ್ಷ್ಯವಿರಬೇಕು. ಚೆನ್ನೈನ ಸ್ವದೇಶಮಿತ್ರನ್ ಪತ್ರಿಕೆಯ ಪ್ರಕರಣದಲ್ಲಿ (1960), ಹಿರಿಯರು ಅದಕ್ಷರು ಅಥವಾ ನಂಬಿಕೆಗೆ ಅರ್ಹರಲ್ಲ ಎನ್ನುವುದಾದರೆ ಅದನ್ನು ಅವರ ಸೇವಾ ದಾಖಲೆಯಂಥ ವಿಶ್ವಾಸಾರ್ಹ ಆಧಾರದಿಂದ ತೋರಿಸಬೇಕು ಎಂದು ಕೋರ್ಟ್ ಹೇಳಿತು. ವರ್ಷ ವರ್ಷವೂ ‘ಉತ್ತಮ’ ಎಂದು ಬರೆದು, ಕಡಿತದ ವರ್ಷ ಮಾತ್ರ ‘ಸಾಧಾರಣ’ ಎಂದು ಬರೆದ ಅಪ್ರೈಸಲ್ ಹಾಗಾಗಿಯೇ ಅನುಮಾನ ಹುಟ್ಟಿಸುತ್ತದೆ. ಕಾರಣವನ್ನು ದಾಖಲಿಸಬೇಕಾದದ್ದು ತೀರ್ಮಾನದ ಹೊತ್ತಿಗೆ. ಕೇಸು ಬಿದ್ದ ಮೇಲೆ ಬರೆದ ಟಿಪ್ಪಣಿಗೆ ಬೆಲೆ ಇಲ್ಲ.

ಅಂಕಪಟ್ಟಿ ಮಾಡಿ ಆರಿಸುವ ಪದ್ಧತಿ ಈಗ ಹೆಚ್ಚುತ್ತಿದೆ. ಒಪ್ಪಂದದಲ್ಲಿ ಅದಕ್ಕೆ ಎಡೆಯಿಲ್ಲದಿದ್ದರೆ ಅದೂ ಸೀನಿಯಾರಿಟಿಯಿಂದ ದೂರ ಸರಿದದ್ದೇ, ಕಾರಣ ಬೇಕೇ ಬೇಕು. ಅಂಕಪಟ್ಟಿ ಕೈಗೆ ಸಿಕ್ಕರೆ ಮೊದಲು ನೋಡಬೇಕಾದದ್ದು ಮಾನದಂಡಗಳು ಅಳೆಯಬಹುದಾದವೇ ಎಂದು. ‘ಹೊಂದಾಣಿಕೆಯ ಸ್ವಭಾವ’ಕ್ಕೆ 20 ಅಂಕ, ಕೌಶಲಕ್ಕೆ 10 ಅಂಕ ಎಂದಿದ್ದರೆ ಅಲ್ಲೇ ಅರ್ಥವಾಯಿತು. ಹಾಜರಾತಿಗೆ ಅಂಕ ಕೊಟ್ಟಿದ್ದರೆ ಹೆರಿಗೆ ರಜೆ, ಇಎಸ್‌ಐ ರಜೆ, ಕೆಲಸದಲ್ಲಾದ ಅಪಘಾತದ ರಜೆಗಳನ್ನು ಗೈರುಹಾಜರಿ ಎಂದು ಎಣಿಸಿದ್ದಾರೆಯೇ ನೋಡಬೇಕು. ಹೆರಿಗೆ ರಜೆಯಲ್ಲಿರುವಾಗ ತೆಗೆಯುವುದಂತೂ ಕಾನೂನುಬಾಹಿರವೇ. ಎಲ್ಲರ ಅಂಕಕ್ಕೂ ಒಂದೇ ಅವಧಿ ಹಿಡಿದಿದ್ದಾರೆಯೇ, ಅಂಕ ಹಾಕಿದವರಿಗೆ ಆ ಕಾರ್ಮಿಕರ ಕೆಲಸ ಗೊತ್ತಿತ್ತೇ, ಒಬ್ಬರೇ ಹಾಕಿದರೋ ಇಬ್ಬರೋ, ಒಮ್ಮೆ ಹಾಕಿದ್ದನ್ನು ಮತ್ತೆ ತಿದ್ದಿದ್ದಾರೆಯೇ ಎಂದು ಕೇಳಬೇಕು. ಉಳಿದವರ ಹೆಸರು ಬೇಡ, ಅವರ ಅಂಕ ಮತ್ತು ಉಳಿಯಲು ಬೇಕಾದ ಕನಿಷ್ಠ ಅಂಕ ಸಾಕು. ತೆಗೆದವರಲ್ಲಿ ಯೂನಿಯನ್ ಪದಾಧಿಕಾರಿಗಳೋ ದೂರು ಕೊಟ್ಟವರೋ ಎದ್ದು ಕಾಣುವಷ್ಟು ಇದ್ದರೆ ಅದು ಸೇಡಿನ ಕ್ರಮ ಎಂಬ ಬೇರೆಯೇ ವಾದಕ್ಕೆ ದಾರಿ.

ಇಲ್ಲೊಂದು ಮಿತಿ ತಿಳಿದಿರಲಿ. ಉದ್ಯಮವನ್ನು ಮರುಸಂಘಟಿಸುವುದು ಮಾಲೀಕರ ಹಕ್ಕು, ಪ್ರಾಮಾಣಿಕವಾಗಿ ಮಾಡಿದರೆ ಅದರ ಲಾಭನಷ್ಟವನ್ನು ಕೋರ್ಟ್ ತೂಗಲು ಹೋಗದು ಎಂದು ಪ್ಯಾರಿ ಕಂಪನಿ ಪ್ರಕರಣ (1970) ಹೇಳುತ್ತದೆ. ‘ಕಂಪನಿ ಲಾಭದಲ್ಲಿದೆ, ಹಾಗಾಗಿ ಕಡಿತ ತಪ್ಪು’ ಎಂಬ ವಾದ ಭಾಷಣಕ್ಕೆ ಸರಿ, ಅರ್ಜಿಗೆ ಸಾಲದು. ಅದೇ ಕೆಲಸಕ್ಕೆ ಗುತ್ತಿಗೆಯವರನ್ನು ತಂದಿದ್ದಾರೆ ಎಂದು ತೋರಿಸಿದರೆ ಪ್ರಾಮಾಣಿಕತೆಯ ಪ್ರಶ್ನೆ ನಿಜವಾಗಿ ಏಳುತ್ತದೆ.

300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ, ತೋಟಗಳಲ್ಲಿ ನಿಯಮ ಇನ್ನೂ ಬಿಗಿ: ಮೂರು ತಿಂಗಳ ನೋಟಿಸ್ ಅಥವಾ ವೇತನ, ಜೊತೆಗೆ ಸರ್ಕಾರದ ಪೂರ್ವಾನುಮತಿ. ಅರವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿತೆಂದೇ ಲೆಕ್ಕ. ಹಿಂದೆ ಈ ಮಿತಿ 100 ಇತ್ತು. ಸಾಫ್ಟ್‌ವೇರ್ ಕಚೇರಿ ಕಾರ್ಖಾನೆಯಲ್ಲ, ಆದ್ದರಿಂದ ಅಲ್ಲಿ ಸಾವಿರ ಜನರಿದ್ದರೂ ಈ ಬಿಗಿ ನಿಯಮ ಅನ್ವಯಿಸದು; 70ರಿಂದ 72ರವರೆಗಿನ ಕಲಮುಗಳು ಮಾತ್ರ ಅನ್ವಯಿಸುತ್ತವೆ.

ಹಣ ಖಾತೆಗೆ ಬಂದುಬಿಟ್ಟಿದೆ, ಇನ್ನು ಕೇಸು ಹಾಕುವಂತಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಹಾಕಬಹುದು. ನರ್ ಸಿಂಗ್ ಪಾಲ್ ಪ್ರಕರಣದಲ್ಲಿ (2000) ಕಾರ್ಮಿಕರು ಚೆಕ್ ನಗದು ಮಾಡಿಕೊಂಡಿದ್ದರೂ ಹಕ್ಕು ಹೋಗಲಿಲ್ಲ. ಆದರೂ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಅಂದೇ ಮೇಲ್ ಮಾಡುವುದು ಕ್ಷೇಮ. ‘ಯಾವ ಹಕ್ಕುಬಾಧ್ಯತೆಯೂ ಉಳಿದಿಲ್ಲ’ ಎಂಬ ಸಾಲಿರುವ ರಸೀದಿಗೆ ಸಹಿ ಹಾಕುವ ಮುನ್ನ ಮೊತ್ತ ಪಡೆದಷ್ಟಕ್ಕೆ ಮಾತ್ರ ಎಂದು ಕೈಬರಹದಲ್ಲಿ ಸೇರಿಸಬಹುದು.

ಮುಂದಿನ ಹೆಜ್ಜೆ ಸಂಧಾನಾಧಿಕಾರಿಯ ಬಳಿ ಅರ್ಜಿ. ರಾಜ್ಯದ ವ್ಯಾಪ್ತಿಗೆ ಬರುವ ಸಂಸ್ಥೆಯಾದರೆ ಆಯಾ ಜಿಲ್ಲೆಯ ಕಾರ್ಮಿಕ ಇಲಾಖೆ ಕಚೇರಿಗೆ. ಬ್ಯಾಂಕು, ರೈಲ್ವೆ ಮುಂತಾದವಕ್ಕೆ ಕೇಂದ್ರದ ಅಧಿಕಾರಿಗಳು. ಒಬ್ಬರೇ ಅರ್ಜಿ ಕೊಡಬಹುದು, ಯೂನಿಯನ್ ಇರಲೇಬೇಕೆಂದಿಲ್ಲ. ಎರಡು ಪುಟ ಸಾಕು: ಸೇರಿದ ದಿನ, ವರ್ಗ, ಕೊನೆಯ ವೇತನ, ತೆಗೆದ ದಿನ, ಉಳಿಸಿಕೊಂಡ ಜೂನಿಯರ್‌ಗಳ ಹೆಸರು, ಕೇಳುವ ಪರಿಹಾರ. ಕಂಪನಿಯ ಹೆಸರನ್ನು ಪೇಸ್ಲಿಪ್‌ನಲ್ಲಿರುವಂತೆ ಬರೆಯಬೇಕು, ಬೋರ್ಡಿನ ಮೇಲಿರುವಂತೆ ಅಲ್ಲ. ಗ್ರೂಪ್ ಕಂಪನಿಗಳಲ್ಲಿ ಈ ಒಂದು ತಪ್ಪಿಗೆ ನೋಟಿಸ್ ಹಿಂದಿರುಗಿ ತಿಂಗಳು ಕಳೆಯುತ್ತದೆ. ಸ್ವೀಕೃತಿ ಮುದ್ರೆ ಇರುವ ಪ್ರತಿ ಇಟ್ಟುಕೊಳ್ಳಬೇಕು, ಏಕೆಂದರೆ ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ ನೇರವಾಗಿ ಟ್ರಿಬ್ಯೂನಲ್‌ಗೆ (ಕೈಗಾರಿಕಾ ನ್ಯಾಯಮಂಡಳಿಗೆ) ಹೋಗುವ ಹಕ್ಕು ಆ ದಿನಾಂಕದಿಂದಲೇ ಶುರು. ತೆಗೆದ ದಿನದಿಂದ ಎರಡು ವರ್ಷದೊಳಗೆ ಅದು ಆಗಬೇಕು. ಹಳೆಯ ಕಾಯ್ದೆಯಲ್ಲಿ ಮೂರು ವರ್ಷವಿತ್ತು, ಆ ನೆನಪಿನಲ್ಲಿ ತಡಮಾಡಬಾರದು.

ಗೆದ್ದರೆ ಏನು ಸಿಗುತ್ತದೆ ಎಂಬುದು ಕೂಡ ಸೀನಿಯಾರಿಟಿ ಪಟ್ಟಿಯನ್ನೇ ಅವಲಂಬಿಸಿದೆ. ಪರಿಹಾರ ಕೊಟ್ಟಿಲ್ಲ ಎಂಬ ತಾಂತ್ರಿಕ ಲೋಪವಷ್ಟೇ ಇದ್ದರೆ, ಅದರಲ್ಲೂ ದಿನಗೂಲಿಯವರ ವಿಷಯದಲ್ಲಿ, ಕೋರ್ಟುಗಳು ಮರುನೇಮಕದ ಬದಲು ಒಂದು ಮೊತ್ತ ಕೊಡಿಸಿ ಮುಗಿಸುತ್ತವೆ. ಬಿಎಸ್‌ಎನ್‌ಎಲ್ ವಿರುದ್ಧ ಭುರುಮಲ್ ಪ್ರಕರಣದಲ್ಲಿ (2014) ಸುಪ್ರೀಂ ಕೋರ್ಟ್ ಇದನ್ನು ವಿವರಿಸಿತು, ಅದೇ ಉಸಿರಿನಲ್ಲಿ ಜೂನಿಯರ್‌ಗಳನ್ನು ಉಳಿಸಿಕೊಂಡು ಹಿರಿಯರನ್ನು ತೆಗೆದಿದ್ದರೆ ಮರುನೇಮಕವನ್ನು ನಿರಾಕರಿಸಬಾರದು ಎಂದೂ ಹೇಳಿತು. ಅರ್ಜಿಯಲ್ಲಿ ಜೂನಿಯರ್‌ಗಳ ಹೆಸರು, ಸೇರಿದ ದಿನಾಂಕಗಳನ್ನು ಮೊದಲ ದಿನವೇ ಹಾಕಬೇಕು ಎನ್ನುವುದು ಇದಕ್ಕಾಗಿ. ಸಾಕ್ಷ್ಯದ ಹಂತದಲ್ಲಿ ಹೊಸದಾಗಿ ಎತ್ತಿದರೆ ಎದುರು ಪಕ್ಷದ ವಕೀಲರ ಮೊದಲ ಆಕ್ಷೇಪಣೆಯೇ ‘ಅರ್ಜಿಯಲ್ಲಿ ಇಲ್ಲ’ ಎಂಬುದು. ಮರುನೇಮಕ ಕೇಳುವವರು, ನಡುವಿನ ಅವಧಿಯಲ್ಲಿ ಬೇರೆಡೆ ಸಂಬಳದ ಕೆಲಸದಲ್ಲಿ ಇರಲಿಲ್ಲ ಎಂಬುದನ್ನೂ ಸೇರಿಸಬೇಕು, ಹಿಂಬಾಕಿ ವೇತನಕ್ಕೆ ಅದು ಬೇಕು. ಇದ್ದಿದ್ದರೆ ಮುಚ್ಚಿಡುವುದು ಬೇಡ. ಪಿಎಫ್ ದಾಖಲೆ ಎಲ್ಲವನ್ನೂ ಹೇಳುತ್ತದೆ.

ಕೇಸು ಹಾಕದವರಿಗೂ ಒಂದು ವರ್ಷ ಕಣ್ಣಿಡುವ ಕೆಲಸವಿದೆ. 72ನೇ ಕಲಮಿನಂತೆ ರಿಟ್ರೆಂಚ್‌ಮೆಂಟ್ ಆದ ಒಂದು ವರ್ಷದೊಳಗೆ ಮಾಲೀಕರು ಮತ್ತೆ ಜನರನ್ನು ತೆಗೆದುಕೊಳ್ಳುವುದಾದರೆ, ತೆಗೆದವರಿಗೆ ಅವಕಾಶ ಕೊಡಬೇಕು, ಹೊಸಬರಿಗಿಂತ ಅವರಿಗೆ ಆದ್ಯತೆ. ಹಳೆಯ ಕಾಯ್ದೆಯಲ್ಲಿ ಈ ವರ್ಷದ ಮಿತಿ ಇರಲಿಲ್ಲ, ಈಗ ಇದೆ. ಹೊರಡುವ ದಿನವೇ ವಿಳಾಸ, ಫೋನ್ ನಂಬರ್ ಕೊಟ್ಟು ‘ಮರುನೇಮಕಕ್ಕೆ ಸಿದ್ಧನಿದ್ದೇನೆ’ ಎಂದು ಸ್ಪೀಡ್ ಪೋಸ್ಟಿನಲ್ಲಿ ತಿಳಿಸಿ, ವಿಳಾಸ ಬದಲಾದಾಗಲೆಲ್ಲ ಮತ್ತೆ ತಿಳಿಸಬೇಕು. ಉದ್ಯೋಗ ಜಾಲತಾಣಗಳಲ್ಲಿ ಕಂಪನಿಯ ಜಾಹೀರಾತು ಕಂಡರೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಅದೇ ಹುದ್ದೆಗೆ ಲಿಖಿತ ಅರ್ಜಿ ಕಳಿಸಬೇಕು. ಹುದ್ದೆಯ ಹೆಸರು ಬದಲಾಗಿರುತ್ತದೆ. ಕೆಲಸದ ವಿವರಣೆಯಲ್ಲಿ ನಿಮ್ಮ ಹಳೆಯ ಯಂತ್ರ, ಹಳೆಯ ಸಾಫ್ಟ್‌ವೇರ್, ಹಳೆಯ ಪಾಳಿ ಹಾಗೇ ಇರುತ್ತದೆ.